ತೊಳೆದ ಕುಡಿಕೆ

ಅಗೆದ ಹಸಿಮಣ್ಣಿನ ವಾಸನೆ ಬಂದರೆ ಈಗಲೂ ನನಗೆ ಕೂಡ್ಲಿಗಿ ಹತ್ತಿರದ ನಮ್ಮ ಹೊಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತಿಪ್ಪೆಗುಂಡಿ ತೋಡುತ್ತಿದ್ದ. ಹಾರೆ ತಾಗಿ ಮಣ್ಣಿನೊಳಗೆ ಏನೋ ಒಡೆಯಿತು. ಕೈಯಿಂದ ಕೆದಕಿದಾಗ ದಪ್ಪ ಕಂಠದ ಗಡಿಗೆಯೊಂದು ಕಂಡಿತು. ಅದರೊಳಗೆ ಬೆರಳುದ್ದದ ಎಳೆಯ ಎಲುಬುಗಳಿದ್ದವು. ಪಕ್ಕದಲ್ಲಿ ಮಣ್ಣು ತುಂಬಿದ ಪುಟ್ಟ ಕಪ್ಪು ಕುಡಿಕೆ.

ಬುತ್ತಿ ತಂದಿದ್ದ ಅಜ್ಜಿ ಅಲ್ಲೇ ಕುಳಿತು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪನಿಗಿಂತ ಮೊದಲು ಹುಟ್ಟಿದ ಮಗುವನ್ನು ಅವಳು ಎದೆಹಾಲು ಬಿಡಿಸುವ ಮುಂಚೆಯೇ ಕಳೆದುಕೊಂಡಿದ್ದಳು.

"ಯಾವ ತಾಯಿ ಮಲಗಿಸಿ ಹೋಗ್ಯಾಳೋ," ಎಂದಳು. "ಕೂಸಿಗೆ ಹಸಿವಾದೀತಂತ ಕುಡಿಕಿ ಇಟ್ಟಾಳ ನೋಡಲೇ."

ಅಪ್ಪ ಎಲುಬುಗಳನ್ನು ಮುಟ್ಟದೆ ತನ್ನ ಟವೆಲ್ ಹೊದಿಸಿದ. ಕುಡಿಕೆಯನ್ನು ಮಾತ್ರ ಬಾವಿಗೆ ಒಯ್ದು, ಒಳಗಿನ ಮಣ್ಣನ್ನು ಉಗುರಿನಿಂದ ಕೆರೆದು, ಹೊಳೆಯುವವರೆಗೆ ತೊಳೆದ.

ಯಾರೋ ಫೋನ್ ಮಾಡಿದ್ದರಿಂದ ಸಂಜೆಗೆ ಕೊಟ್ಟೂರಿನಿಂದ ಇತಿಹಾಸದ ಮೇಷ್ಟ್ರು ಬಂದರು. ಒಡೆದ ಗಡಿಗೆಯ ಚೂರುಗಳನ್ನು ನೋಡಿ, "ಸಾವಿರಾರು ವರ್ಷದ ಹಿಂದಿನ ಕೂಸಿದು," ಎಂದರು.

ಅಜ್ಜಿ ಕೇಳಿದ್ದು ಒಂದೇ. "ಕುಡಿಕಿಯಾಗ ಏನು ಇಟ್ಟಿದ್ಲುರೀ ಆಕಿ? ಹಾಲೋ, ಗಂಜಿಯೋ?"

ಮೇಷ್ಟ್ರು ಕುಡಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. "ಮಣ್ಣು ಹಂಗ ಇದ್ದಿದ್ರ ಪರೀಕ್ಷೆ ಮಾಡಿ ತಿಳ್ಕೋಬಹುದಿತ್ತಮ್ಮ. ಈಗ ಕಷ್ಟ ಐತಿ."

ಅಜ್ಜಿ ಅಪ್ಪನ ಕಡೆ ತಿರುಗಿ ನೋಡಿದಳು.

"ಕೂಸು ಉಣ್ಣೋ ಕುಡಿಕಿ ರೀ," ಎಂದ ಅಪ್ಪ. "ಚೊಕ್ಕ ಇರಲಿ ಅಂತ ತೊಳದೆ."