ಕಾಗೆ ಮುಟ್ಟದ ಎಡೆ

ಲಾಕ್‌ಡೌನಿನ ಮೂರನೇ ವಾರದಲ್ಲಿ ಮಾವನವರ ತಿಥಿ ಬಂತು. ನೆಂಟರಿಲ್ಲ, ಪುರೋಹಿತರಿಲ್ಲ, ನಾನು, ನಮ್ಮವರು, ಅತ್ತೆ, ಮೂರೇ ಜನ. ಅತ್ತೆ ತಾವೇ ಬಾಳೆಲೆಯಲ್ಲಿ ಅನ್ನ, ವಡೆ ಬಡಿಸಿ ತಂದು, ಕಾಗೆಗೆಂದು ತಾರಸಿಯ ಗೋಡೆಯ ಮೇಲೆ ಇಟ್ಟರು.

ಊರಿನ ಹೋಟೆಲುಗಳೆಲ್ಲ ಮುಚ್ಚಿ ಕಾಗೆಗಳೂ ಹಸಿದಿದ್ದವು. ಆದರೂ ಎಲೆಯ ಹತ್ತಿರ ಬಂದು, ಕತ್ತು ತಿರುಗಿಸಿ, ಹಾರಿಹೋದವು. ನಮ್ಮವರ ಮುಖ ಬಿಳಿಚಿಕೊಂಡಿತು.

“ಅಪ್ಪನಿಗೆ ಏನೋ ಕೊರಗಿದೆ ಕಣಮ್ಮ.”

“ಇಲ್ದೆ ಇರುತ್ತಾ? ಇಡೀ ದಿನ ಟೀವೀಲಿ ಕೊರೊನಾ ಸುದ್ದಿ ನೋಡ್ಕೊಂಡು ಕೂತಿರ್ತೀಯ. ಅವರಿದ್ದಾಗ ರಿಮೋಟು ನನ್ನ ಕೈಲೇ ಇರ್ತಿತ್ತು.”

ನಮ್ಮವರು ಕೈಮುಗಿದರು. “ಅಪ್ಪಾ, ಇವತ್ತಿಂದ ರಿಮೋಟು ಅಮ್ಮಂದೇ. ಬಂದು ತಿಂದ್ಕೊಂಡು ಹೋಗಪ್ಪ.”

ಕಾಗೆ ಬರಲಿಲ್ಲ. ಅತ್ತೆ ನನ್ನ ಕಡೆ ಒಮ್ಮೆ ನೋಡಿ, “ಸೊಸೆ ಅಂದ್ರೂ ಅವರಿಗೆ ಪ್ರಾಣ” ಎಂದರು.

“ಪಾತ್ರೆನೂ ನಾನೇ ತೊಳೀತೀನಪ್ಪಾ” ಎಂದರು ನಮ್ಮವರು.

“ಅನ್ನ ಆರಿಹೋಯ್ತು, ಬೇರೆ ಎಲೆ ತರ್ತೀನಿ” ಎಂದು ಅತ್ತೆ ಕೆಳಗೆ ಹೋಗಿ ಬಂದರು. ಹೊಸ ಎಲೆ ಇಟ್ಟಿದ್ದೇ ತಡ, ಕಾಗೆಗಳು ಮುಗಿಬಿದ್ದವು. ನಮ್ಮವರು ಕಣ್ಣೊರೆಸಿಕೊಂಡು, ಮಾತಿಗೆ ತಪ್ಪದೆ ಪಾತ್ರೆ ತೊಳೆಯಲು ಇಳಿದರು.

ಅವರು ಮರೆಯಾದ ಮೇಲೆ ಅತ್ತೆ ಮೊದಲಿನ ಎಲೆಯನ್ನು ಮಡಚಿ ನನ್ನ ಕೈಗಿಟ್ಟರು.

“ಇದನ್ನ ಹಸೂಗೆ ಗಿಸೂಗೆ ಹಾಕ್ಬೇಡ, ಕಸದ ಬುಟ್ಟಿಗೆ ಹಾಕು. ಸ್ಯಾನಿಟೈಸರ್ ಹೊಡೆದಿದೀನಿ.”