ಅಂದಾನಪ್ಪನ ಮೆಸೇಜು

ಗದಗಿನ ಶಿವಲೀಲವ್ವ ಮಿರ್ಚಿ ಕರಿಯಲು ಕೂತರೆ ಹುಬ್ಬಳ್ಳಿಯವರೂ ಸೀನುತ್ತಿದ್ದರು. ಅಂಥ ಗಟ್ಟಿಗಿತ್ತಿ, ಫ್ಲೂ ಲಸಿಕೆಯ ವಿಷಯದಲ್ಲಿ ಮಾತ್ರ ಚಳಿಗಾಲವಿಡೀ ಆಸ್ಪತ್ರೆಯವರಿಗೆ ಚಳ್ಳೆಹಣ್ಣು ತಿನ್ನಿಸಿದಳು.

ಆಗೆಲ್ಲ ಆಸ್ಪತ್ರೆಯ ಯಂತ್ರಗಳು ಬರೆಯುವ ಮೆಸೇಜುಗಳು ಸತ್ತವರ ಹೆಸರಿನಲ್ಲಿ, ಅವರದೇ ಧಾಟಿಯಲ್ಲಿ ಬರುತ್ತಿದ್ದವು. ಬದುಕಿದ್ದವರ ಮಾತನ್ನು ಯಾರು ಕೇಳುತ್ತಾರೆ? ಅವಳಿಗೆ ಬರೆಯುತ್ತಿದ್ದವನು ಹೋದ ವರ್ಷ ಫ್ಲೂ ಬಂದು ತೀರಿಕೊಂಡ ಗಂಡ ಅಂದಾನಪ್ಪ. ಲಸಿಕೆ ಹಾಕಿಸಿಕೊಂಡ ದಿನವೇ ಮೆಸೇಜುಗಳು ನಿಲ್ಲುತ್ತವೆಂಬುದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಅವಳ ನೆಪಗಳು ಮುಗಿಯುತ್ತಿರಲಿಲ್ಲ.

“ಏ ಮೊಂಡಿ, ಸೂಜಿ ಹಾಕಿಸ್ಕೊಂಡೇನ?”

“ಇವತ್ತ ಅಮಾಸಿ ಐತ್ರಿ.”

“ನಿನ್ನೀನೂ ಅಮಾಸಿನ ಇತ್ತು!”

“ಈ ಸಲ ಎರಡು ದಿನ ಬಂದೈತ್ರಿ. ಉಂಡ್ರೇನು?”

ಹೀಗೆ ಜಗಳವಾಡುತ್ತ ಅವಳು ಮತ್ತೆ ಮದುವಣಗಿತ್ತಿಯಂತೆ ನಗುತ್ತಿದ್ದಳು.

ಇವಳೊಬ್ಬಳನ್ನು ಒಪ್ಪಿಸಲು ಆಸ್ಪತ್ರೆಯ ಯಂತ್ರಗಳೆಲ್ಲ ಬೆವರಿರಬೇಕು. ಒಂದು ಮಧ್ಯಾಹ್ನ ಹೊಸ ಮೆಸೇಜು ಬಂತು: “ಲೀಲಾ, ಸೂಜಿ ಬ್ಯಾಡಂತ ಹಠ ಮಾಡಿದ್ದು ನಂದ ತಪ್ಪು. ನನ್ನ ಕ್ಷಮಿಸು.”

ಶಿವಲೀಲವ್ವನ ಕೈಯಲ್ಲಿದ್ದ ಜಾಲರಿ ಎಣ್ಣೆಗೆ ಬಿತ್ತು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಅಂದಾನಪ್ಪ ತಪ್ಪು ಒಪ್ಪಿಕೊಳ್ಳುವವನಲ್ಲ. ಸಾಯುವಾಗಲೂ ಡಾಕ್ಟರಿಗೇ ಬೈದು ಸತ್ತಿದ್ದ.

“ಇವ್ರು ನಮ್ಮನಿಯವ್ರಲ್ಲ,” ಎಂದಳು, ತನಗೆ ಮಾತ್ರ ಕೇಳುವಂತೆ.

ಒಲೆ ಆರಿಸಿ, ನೆಟ್ಟಗೆ ಆಸ್ಪತ್ರೆಗೆ ಹೋಗಿ ತೋಳು ಕೊಟ್ಟಳು. ಸೂಜಿ ಚುಚ್ಚುವ ಮೊದಲೇ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದುದನ್ನು ಕಂಡು ನರ್ಸಮ್ಮ ನಕ್ಕಳು: “ಇರುವಿ ಕಡದಂಗ ಆಗ್ತೈತಿ, ಯವ್ವಾ. ಇಷ್ಟಕ್ಕ ಹಿಂಗ ಅಳತಾರೇನ?”