ಅರ್ಧ ತಾಸು

ಮನಸ್ಸಿನ ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಬರುವುದು ಮಂಗಳವಾರ ಮಾತ್ರ. ಫಕೀರವ್ವನ ಪಾಳಿ ಬರುವಷ್ಟರಲ್ಲಿ ಊರಿಗೆ ವಾಪಸಾಗುವ ಒಂದೇ ಬಸ್ಸು ಹೊರಟು ನಿಂತಿರುತ್ತಿತ್ತು. ಮೂರು ವಾರ ಡಾಕ್ಟರನ್ನು ಕಾಣದೆಯೇ ಓಡಿ ಬಂದು ಹತ್ತಿದ್ದಳು. ಗುಳಿಗೆ ಮುಗಿದು ಎಂಟು ದಿನದಿಂದ ನಿದ್ದೆಯಿಲ್ಲ. ಇವತ್ತು ಆಸ್ಪತ್ರೆ ಮುಂದೆ ಇಳಿಯುವಾಗ ಡ್ರೈವರನ ಮುಂದೆ ಅಂಗಲಾಚಿದಳು.

“ಅಣ್ಣಾರ, ಹೊಳ್ಳಿ ಹೋಗೂವಾಗ ಅರ್ಧ ತಾಸು ನಿಂದರಸ್ರಿ.”

“ಆಗಂಗಿಲ್ಲ ಅಕ್ಕಾರ. ತಡಾ ಆದ್ರ ಡಿಪೋದಾಗ ಮೆಮೋ ಕೊಡ್ತಾರ.”

“ಕಣ್ಣ ಮುಚ್ಚಿದ್ರ ಎದಿ ಹೊಡಕೊಳ್ತದ. ಆ ಸಂಕಟ ನಿಮಗೇನ ಗೊತ್ತು?”

ಅವನು ಸ್ಟಿಯರಿಂಗಿನಿಂದ ಕೈ ತೆಗೆದು, ಖಾಕಿ ಅಂಗಿಯ ಕಿಸೆಯಿಂದ ಅದೇ ಡಾಕ್ಟರು ಬರೆದಿದ್ದ ಹಳೇ ಚೀಟಿ ಬಿಚ್ಚಿ ತೋರಿಸಿದ.

“ನನಗೂ ಮಂಗಳವಾರನ ಬಾ ಅಂದಾರ, ಅಕ್ಕಾರ. ನಾ ರಜಾ ಹಾಕಿದ್ರ ಈ ಬಸ್ಸ ಬರೂದಿಲ್ಲ.”